ಫ್ರೀಜರ್‌ನಲ್ಲಿ ಒಂದು ಟೋಪಿ

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಈ ಕಥೆಯನ್ನು ಮೂರು ಸಲ ಶುರು ಮಾಡಿದ್ದೇನೆ. ಮೊದಲನೆಯದು ಕಾರ್ಖಾನೆಯ ಚಿಮಣಿಯಿಂದ ಶುರುವಾಗುತ್ತಿತ್ತು. ಚಿಮಣಿಯಿಂದ ಹೊರಟ ಕಥೆ ಎಲ್ಲಿಗೆ ಹೋಗಿ ಸೇರುತ್ತದೆಂದು ನಿಮಗೂ ಗೊತ್ತು, ಆದ್ದರಿಂದ ಹರಿದು ಹಾಕಿದೆ. ಎರಡನೆಯದು ಒಬ್ಬ ಹೆಂಗಸು ಅಳುವುದರಿಂದ. ಅವಳು ಅಳಲು ಒಪ್ಪಲಿಲ್ಲ. ಮೂರನೆಯದು ಇದು. ಇದರಲ್ಲಿ ಒಂದು ಫ್ರಿಜ್ ಇದೆ.

೧

ಫ್ರಿಜ್ ಬೂದು ಬಣ್ಣದ್ದು, ಎರಡು ಬಾಗಿಲಿನದು. ಅಡುಗೆಮನೆಯಲ್ಲಿ ಜಾಗ ಸಾಲದೆ ಹೊರಗಿನ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ. ಹಳೆಯದಾದ್ದರಿಂದ ಸದ್ದು ಜಾಸ್ತಿ. ಬಹಳ ಹೊತ್ತು ಗುರ್ ಎನ್ನುತ್ತದೆ, ಆಮೇಲೆ ಒಮ್ಮೆ ಮೈ ನಡುಗಿಸಿ ತಾನಾಗಿಯೇ ನಿಲ್ಲುತ್ತದೆ. ಮೇಲಿನ ಫ್ರೀಜರ್‌ನಲ್ಲಿ, ಬಟಾಣಿ ಪೊಟ್ಟಣದ ಹಿಂದೆ, ಎರಡು ಪ್ಲಾಸ್ಟಿಕ್ ಬಾಟಲಿಗಳು. ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ನೀರು, ತಿಳಿ ಕಂದು. ಚೀಟಿಯ ಮೇಲೆ ತಾರೀಖು, ಗಂಟೆ, ಮತ್ತು 'ಹಿಂದಿನ ಮೋರಿ, ಗೇಟಿನಿಂದ ನಲವತ್ತು ಹೆಜ್ಜೆ'. ಅಕ್ಷರ, ಅಳಲು ಒಪ್ಪದ ಆ ಹೆಂಗಸಿನ ಗಂಡನದು.

ಅವನು ಕಂಪನಿಯ ಲ್ಯಾಬಿನಲ್ಲಿದ್ದ. ಕಾರ್ಖಾನೆಯಿಂದ ಹೊರಗೆ ಬಿಡುವ ನೀರನ್ನು ದಿನಾ ಪರೀಕ್ಷಿಸಿ ರಿಜಿಸ್ಟರಿನಲ್ಲಿ 'ಸರಿಯಿದೆ' ಎಂದು ಬರೆಯುವುದು ಅವನ ಕೆಲಸ. ಒಂದು ದಿನ 'ಸರಿಯಿಲ್ಲ' ಎಂದು ಬರೆದ. ಸಂಜೆ ಎರಡು ಬಾಟಲಿ ನೀರು ತಂದು ಫ್ರೀಜರ್‌ನಲ್ಲಿಟ್ಟು, ಇದು ಕರಗಬಾರದು ಅಂದ. ಹನ್ನೊಂದನೇ ದಿನ ಕಾರ್ಖಾನೆಯ ನೀರಿನ ಟ್ಯಾಂಕಿನ ಮೇಲಿಂದ ಬಿದ್ದ. ಕಾಲು ಜಾರಿತು ಎಂದಿತು ಕಂಪನಿ. ಲ್ಯಾಬಿನವನಿಗೆ ಟ್ಯಾಂಕಿನ ಮೇಲೇನು ಕೆಲಸ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರೆಲ್ಲ ಆ ವಾರ ರಜೆಯಲ್ಲಿದ್ದರು.

(ಅಪಘಾತವೋ ಇನ್ನೊಂದೋ ಎಂದು ನನ್ನನ್ನು ಕೇಳಬೇಡಿ. ಗೊತ್ತಿದ್ದರೆ ಕಥೆ ಬರೆಯುತ್ತಿರಲಿಲ್ಲ, ದೂರು ಬರೆಯುತ್ತಿದ್ದೆ.)

೨

ಅವನು ಸತ್ತ ನಾಲ್ಕನೇ ತಿಂಗಳಲ್ಲಿ ನಿರ್ದೇಶಕನೊಬ್ಬ ಬಂದ. ಕಂಪನಿಗಳ ಕೈಯಲ್ಲಿ ಎಷ್ಟು ಅಧಿಕಾರವಿದೆ, ಅವು ಸಮಾಜಕ್ಕೆ ಯಾವ ಉತ್ತರ ಕೊಡಬೇಕು, ಇದೆಲ್ಲದರ ಬಗ್ಗೆ ತೊಂಬತ್ತು ನಿಮಿಷದ ಸಾಕ್ಷ್ಯಚಿತ್ರ. ಹೆಸರು 'ಹೊಣೆ ಯಾರದು?' ಅದನ್ನು ಬಿಳಿ ಟೋಪಿಗಳ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ. ಚಿತ್ರ ಇನ್ನೂ ಆಗಿರಲಿಲ್ಲ, ಟೋಪಿಗಳು ಆಗಿದ್ದವು. ಟೋಪಿಗಳನ್ನೂ ಓಡಾಡುವ ವ್ಯಾನನ್ನೂ ಒದಗಿಸಿದ್ದು ಇನ್ನೊಂದು ಕಂಪನಿ, ತನ್ನ ಸಾಮಾಜಿಕ ಜವಾಬ್ದಾರಿ ವಿಭಾಗದಿಂದ. ಆ ಕಂಪನಿಯ ಬಗ್ಗೆ ಚಿತ್ರದಲ್ಲಿ ಏನೂ ಇಲ್ಲ. ತೊಂಬತ್ತು ನಿಮಿಷದಲ್ಲಿ ಎಷ್ಟು ಅಂತ ಹೇಳುವುದು.

ನಿರ್ದೇಶಕ ಅವಳಿಗಿಂತ ಹತ್ತು ವರ್ಷ ದೊಡ್ಡವನು, ಆದರೂ ಅವಳನ್ನು ಅಕ್ಕ ಎನ್ನುತ್ತಾನೆ. ಸಾಕ್ಷ್ಯಚಿತ್ರಗಳಲ್ಲಿ ನೊಂದವರೆಲ್ಲ ಅಕ್ಕಂದಿರೇ.

ಅವನು ಬರುವ ಹೊತ್ತಿಗೆ ಅವಳು ಒಂದು ಪ್ರಯೋಗಾಲಯವನ್ನು ಹುಡುಕಿಟ್ಟಿದ್ದಳು. ಹತ್ತಿರದವೆಲ್ಲ ಅದೇ ಕಂಪನಿಯ ಕೆಲಸ ಮಾಡುವಂಥವು. ಬಾಟಲಿ ಎಂದ ಕೂಡಲೇ ಫೋನ್ ಇಡುತ್ತಿದ್ದವು. ದೂರದ ಈ ಒಂದು ಒಪ್ಪಿತ್ತು. ಅಲ್ಲಿಯ ಅಧಿಕಾರಿಣಿ ಕಡ್ಡಿ ಮುರಿದಂತೆ ಹೇಳಿದ್ದಳು: ಐಸ್ ಆಗಿಯೇ ತನ್ನಿ. ನಡುವೆ ಒಂದು ಸಲ ಕರಗಿದ್ದರೂ ನಾವು ಬರೆಯುವ ವರದಿಗೆ ಯಾರೂ ಬೆಲೆ ಕೊಡುವುದಿಲ್ಲ. ಬುಧವಾರ ಹೋಗುವುದೆಂದು ಅವಳು ಐಸ್ ಡಬ್ಬಿಯನ್ನೂ ಕೇಳಿ ತಂದಿದ್ದಳು.

"ಒಂದು ವಾರ ತಡೀರಿ ಅಕ್ಕ," ಅಂದ ನಿರ್ದೇಶಕ. "ನಾವೇ ವ್ಯಾನಲ್ಲಿ ಕರ್ಕೊಂಡು ಹೋಗ್ತೀವಿ. ನೀವು ಬಾಟ್ಲಿ ಕೊಡೋದು ಕ್ಯಾಮೆರಾದಲ್ಲಿ ಬರ್ಬೇಕು. ಇಲ್ಲಾಂದ್ರೆ ಕೊಟ್ಟಿದ್ದಕ್ಕೆ ಸಾಕ್ಷಿ ಏನು?"

ಅವಳು ತಡೆದಳು. ನಾಲ್ಕು ತಿಂಗಳಿನಿಂದ ಯಾರು ಏನು ಹೇಳಿದರೂ ಹೂಂ ಎನ್ನುವುದು ಅವಳಿಗೆ ಅಭ್ಯಾಸವಾಗಿತ್ತು.

೩

ಶನಿವಾರ ಶೂಟಿಂಗ್. ನಿರ್ದೇಶಕ, ಕ್ಯಾಮೆರಾದವಳು, ಸೌಂಡಿನವನು. ಈ ಸೌಂಡಿನವನನ್ನು ಸ್ವಲ್ಪ ಗಮನವಿಟ್ಟು ನೋಡಿ. ಐವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಕೋಣೆಗೆ ಕಾಲಿಟ್ಟವನೇ ಫ್ಯಾನ್ ನಿಲ್ಲಿಸಿದ, ಗಡಿಯಾರ ತೆಗೆದು ದಿಂಬಿನಡಿ ಇಟ್ಟ, ಫ್ರಿಜ್ಜಿನ ಸ್ವಿಚ್ ಆರಿಸಿದ. ಮೈಕಿಗೆ ಮನುಷ್ಯರ ದುಃಖಕ್ಕಿಂತ ಫ್ರಿಜ್ಜಿನ ಗುರ್ ಜೋರಾಗಿ ಕೇಳುತ್ತದಂತೆ.

ಅವಳು ಫ್ರೀಜರ್ ಕಡೆ ನೋಡಿದಳು. ಒಂದು ಗಂಟೆಗೆ ಏನೂ ಆಗಲ್ಲ ಮೇಡಂ ಎಂದು ಅವನು ಸಮಾಧಾನ ಹೇಳಿ, ತನ್ನ ಪದ್ಧತಿಯನ್ನು ವಿವರಿಸಿದ. ಯಾರ ಮನೆಯ ಫ್ರಿಜ್ ಆರಿಸಿದರೂ ತನ್ನ ಬೈಕಿನ ಕೀಲಿಯನ್ನು ಅದರೊಳಗೆ ಇಡುತ್ತಾನೆ. ಹೊರಡುವಾಗ ಕೀಲಿ ಬೇಕೇ ಬೇಕು; ಕೀಲಿಗೆ ಕೈ ಹಾಕಿದಾಗ ಸ್ವಿಚ್ ನೆನಪಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ಫ್ರಿಜ್ಜನ್ನೂ ಮರೆತವನಲ್ಲ.

ಹೇಳುತ್ತ ಜೇಬು ತಡವಿದ. ಕೀಲಿ ಇರಲಿಲ್ಲ. ಆ ದಿನ ಎಲ್ಲರೂ ವ್ಯಾನಿನಲ್ಲಿ ಬಂದಿದ್ದರು.

ಒಂದು ಕ್ಷಣ ಯೋಚಿಸಿ, ತಲೆಯ ಮೇಲಿನ ಟೋಪಿ ತೆಗೆದು ಬಾಟಲಿಗಳ ಪಕ್ಕ ಇಟ್ಟು ಬಾಗಿಲು ಹಾಕಿದ.

(ಟೋಪಿ ಎಂದ ಕೂಡಲೇ ನಿಮಗೆ ಹೊಳೆದ ಜೋಕು ನನಗೂ ಹೊಳೆದಿತ್ತು. ಬೇಡ.)

೪

ಸಂದರ್ಶನದಲ್ಲಿ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಅಷ್ಟೆ. ಬಾಟಲಿ ತೆಗೆದು ಎದೆಗೆ ಒತ್ತಿಕೊಳ್ಳಿ ಅಕ್ಕ, ಒಳ್ಳೇ ಶಾಟ್ ಆಗುತ್ತೆ ಅಂದ ನಿರ್ದೇಶಕ.

"ಕರಗುತ್ತೆ," ಅಂದಳು.

ಕೊನೆಯಲ್ಲಿ ಸೌಂಡಿನವನು ಎಲ್ಲರನ್ನೂ ಮೂವತ್ತು ಸೆಕೆಂಡು ಸುಮ್ಮನಿರಲು ಕೇಳಿದ. ಖಾಲಿ ಕೋಣೆಯ ಸದ್ದನ್ನೂ ಬೇರೆಯಾಗಿ ಹಿಡಿದುಕೊಳ್ಳಬೇಕಂತೆ, ಮಾತು ಕತ್ತರಿಸಿದ ಕಡೆ ತೇಪೆ ಹಾಕಲು. ಆ ಮೂವತ್ತು ಸೆಕೆಂಡು ಮುಗಿಯುವ ಮೊದಲೇ ನಿರ್ದೇಶಕ ಗಡಿಯಾರ ಹುಡುಕತೊಡಗಿದ್ದ: ಬೆಳಕು ಹೋಗುತ್ತಿದೆ, ಇವಳನ್ನೂ ಕರೆದುಕೊಂಡು ಅತ್ತೆಯ ಮನೆಗೆ ಹೋಗಿ, ಆಕೆ ತನ್ನ ಮಗನ ಫೋಟೊ ಒರೆಸುವುದನ್ನು ತೆಗೆಯಬೇಕು, ಬೇಗ ಬೇಗ. ಫ್ಯಾನ್ ಹಾಕಿದರು, ಗಡಿಯಾರ ಗೋಡೆಗೆ ಹೋಯಿತು. ಹೊರಗೆ ಮೋಡ ಕವಿದಿತ್ತು. ಮೋಡದ ದಿನ ಯಾರಿಗೂ ಟೋಪಿ ನೆನಪಾಗುವುದಿಲ್ಲ.

ಅತ್ತೆ ಫೋಟೊ ಒರೆಸಲಿಲ್ಲ. "ದಿನಾ ಒರೆಸ್ತೀನಪ್ಪ. ಇವತ್ತಿನ ಪಾಲು ಬೆಳಿಗ್ಗೇನೇ ಆಯ್ತು," ಅಂದರು. ಸೊಸೆಯನ್ನು ಮಾತ್ರ ಬಿಡಲಿಲ್ಲ. ಮುಖ ನೋಡು ಹೇಗಾಗಿದೆ, ಎರಡು ದಿನ ಇದ್ದು ಹೋಗು ಅಂದರು. ಅದಕ್ಕೂ ಅವಳು ಹೂಂ ಅಂದಳು.

೫

ಸೋಮವಾರ ಬೀಗ ತೆಗೆದಾಗ ಕೋಣೆಯಲ್ಲಿ ಫ್ರಿಜ್ಜಿನ ಸದ್ದಿರಲಿಲ್ಲ. ಅವಳಿಗೆ ಅದೇ ಮೊದಲು ಗೊತ್ತಾಯಿತು. ಆಮೇಲೆ ಪಾದಕ್ಕೆ ನೀರು ತಗುಲಿತು.

ಫ್ರೀಜರ್‌ನೊಳಗೆ ಬಟಾಣಿ ಮೆತ್ತಗಾಗಿತ್ತು. ಎರಡು ಬಾಟಲಿಗಳಲ್ಲೂ ನೀರು ಅಲುಗಾಡುತ್ತಿತ್ತು. ಒಂದರ ಚೀಟಿಯಲ್ಲಿ ಶಾಯಿ ಹರಡಿ ತಾರೀಖು ಅಳಿಸಿಹೋಗಿತ್ತು. ಪಕ್ಕದಲ್ಲಿ ತೊಟ್ಟಿಕ್ಕುತ್ತಿದ್ದ ಬಿಳಿ ಟೋಪಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ: ಹೊಣೆ ಯಾರದು?

(ಇಷ್ಟು ಸಲೀಸಾದ ವ್ಯಂಗ್ಯವನ್ನು ಯಾವ ಮರ್ಯಾದಸ್ಥ ಲೇಖಕಿಯೂ ಬಳಸಬಾರದು. ಮೊದಲ ಕರಡಿನಲ್ಲಿ ಟೋಪಿಯ ಮೇಲೆ ಒಂದು ಸಿಮೆಂಟಿನ ಜಾಹೀರಾತು ಇತ್ತು. ಆದರೆ ನಿರ್ದೇಶಕ ಟೋಪಿ ಅಚ್ಚು ಹಾಕಿಸಿದ್ದು ನಿಜ, ನಾನೇನು ಮಾಡಲಿ.)

ಅವಳು ನೆಲ ಒರೆಸಿದಳು. ಟೋಪಿಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ನಿರ್ದೇಶಕನಿಗೆ ವಿಷಯ ತಿಳಿಸಿ, ಪ್ರಯೋಗಾಲಯಕ್ಕೆ ಫೋನ್ ಮಾಡಿದಳು. ಅಧಿಕಾರಿಣಿ ಬೇರೆ ಏನಾದರೂ ಇದೆಯಾ ಎಂದು ಕೇಳಿದಳು. ಬೇರೆ ಏನೂ ಇರಲಿಲ್ಲ.

೬

ಸಂಜೆ ನಿರ್ದೇಶಕನಿಂದ ಮೊಬೈಲಿಗೆ ಸಂದೇಶ ಬಂತು. 'ಚಿತ್ರೀಕರಣದ ವೇಳೆ ಉಂಟಾದ ಅನನುಕೂಲಕ್ಕಾಗಿ ತಂಡವು ವಿಷಾದಿಸುತ್ತದೆ. ಘಟನೆಯ ಕುರಿತು ಆಂತರಿಕ ಪರಿಶೀಲನೆ ನಡೆಯುತ್ತಿದೆ.' ಅವಳು ಮೇಜಿನ ಖಾನೆಯಿಂದ ಕಂಪನಿಯ ಸಂತಾಪ ಪತ್ರ ತೆಗೆದು ಪಕ್ಕದಲ್ಲಿಟ್ಟು ಓದಿದಳು. ಅಲ್ಲೂ ವಿಷಾದ, ಅಲ್ಲೂ ಆಂತರಿಕ ಪರಿಶೀಲನೆ. ಕಂಪನಿಯ ಕಾಗದ ದಪ್ಪಗಿತ್ತು, ಅಷ್ಟೇ ವ್ಯತ್ಯಾಸ.

ಮರುದಿನ ಅವನೇ ಬಂದ. ಕೂರಲಿಲ್ಲ. ಪ್ರಯೋಗಾಲಯದ ದೃಶ್ಯವಿಲ್ಲದೆ ಚಿತ್ರಕ್ಕೆ ಕೊನೆಯಿಲ್ಲ ಅಂದ. ಆಮೇಲೆ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ.

"ಮತ್ತೆ ಫ್ರೀಜ್ ಮಾಡೋಣ ಅಕ್ಕ. ಚೀಟಿ ಹೊಸದಾಗಿ ಬರೆಯೋಣ. ನೀರು ಅದೇ ತಾನೆ? ಒಳಗೆ ಏನಿದೆ ಅನ್ನೋದು ಸತ್ಯ ತಾನೆ?"

"ಅಕ್ಷರ?"

"ಯಾರು ನೋಡ್ತಾರೆ."

ಅವಳು ಹೂಂ ಅನ್ನಲಿಲ್ಲ. ಅದನ್ನು ಅವನು ಗಮನಿಸಿದನೋ ಇಲ್ಲವೋ. ಯೋಚನೆ ಮಾಡಿ, ಗುರುವಾರ ಎಲ್ಲರೂ ಬರ್ತೀವಿ ಎಂದು ಹೇಳಿ ಮೆಟ್ಟಿಲಿಳಿದ.

೭

ಈಗ ನನಗೊಂದು ಅಂತ್ಯ ಬೇಕು. ಕೆಲವನ್ನು ಹಾಕಿ ನೋಡಿದೆ.

ಕರಗಿದ ನೀರನ್ನೇ ಪ್ರಯೋಗಾಲಯ ಪರೀಕ್ಷಿಸುತ್ತದೆ, ವಿಷ ಸಿಗುತ್ತದೆ, ಕಾರ್ಖಾನೆಗೆ ಬೀಗ ಬೀಳುತ್ತದೆ. ನೀವು ಚಪ್ಪಾಳೆ ತಟ್ಟಿ ದೀಪ ಆರಿಸಿ ಮಲಗುತ್ತೀರಿ. ಅಧಿಕಾರಿಣಿ ಈ ಅಂತ್ಯಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ಹೊಸ ಚೀಟಿ ಅಂಟಿಸುತ್ತಾರೆ, ಚಿತ್ರಕ್ಕೆ ಬಹುಮಾನ ಬರುತ್ತದೆ. ಕೋರ್ಟಿನಲ್ಲಿ ಕಂಪನಿಯ ವಕೀಲ ಸತ್ತವನ ರಿಜಿಸ್ಟರನ್ನೂ ಚೀಟಿಯನ್ನೂ ಅಕ್ಕಪಕ್ಕ ಹಿಡಿದು, ಇದು ಯಾರ ಕೈಬರಹ ತಾಯಿ ಎಂದು ಮೃದುವಾಗಿ ಕೇಳುತ್ತಾನೆ. ಅಲ್ಲಿಗೆ ಎಲ್ಲ ಮುಗಿಯುತ್ತದೆ, ಕಂಪನಿಯೊಂದನ್ನು ಬಿಟ್ಟು.

ಅವಳು ಬಾಟಲಿಗಳನ್ನು ಸಿಂಕಿಗೆ ಸುರಿಯುತ್ತಾಳೆ. ಇದನ್ನು ಅರ್ಧ ಬರೆದಿದ್ದೆ. ಎರಡನೇ ಚೀಟಿಯಲ್ಲಿ 'ನಲವತ್ತು ಹೆಜ್ಜೆ' ಇನ್ನೂ ಓದಲು ಬರುತ್ತಿತ್ತು. ಅವಳು ಮುಚ್ಚಳವನ್ನು ಮತ್ತೆ ಬಿಗಿದು, ಪೆನ್ನು ಹಿಡಿದ ನನ್ನ ಕಡೆ ತಿರುಗಿದಳು.

"ಆ ಟೋಪಿ ಇಟ್ಟಿದ್ದು ಯಾರು?"

ಸೌಂಡಿನವನು, ಅಂದೆ.

"ಅವರ ಕೈಲಿ ಇಡಿಸಿದ್ದು?"

ಕಥೆಯ ಅಗತ್ಯವಿತ್ತು ಅಂದೆ. ಲೇಖಕಿಯ ಹತೋಟಿಗೆ ಮೀರಿದ ಕೆಲವು ಸಂಗತಿಗಳಿರುತ್ತವೆ ಅಂದೆ. ಆಗಿದ್ದಕ್ಕೆ ವಿಷಾದವಿದೆ ಅಂದೆ.

"ನೀವೂ ಶುರು ಮಾಡಿದ್ರಾ," ಅಂದಳು. ಸಿಟ್ಟೇನೂ ಇರಲಿಲ್ಲ. ಮೂರನೇ ಭಾಗಕ್ಕೆ ಹೋಗಿ ಸ್ವಿಚ್ ಹಾಕಿ ಬರಲು ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ಒಂದು ಸಾಲು, ಅಂದೆ.

"ಅಷ್ಟು ಹಿಂದೆ ಹೋಗಕ್ಕಾಗತ್ತೆ ಅಂದ್ರೆ ಇನ್ನೂ ಸ್ವಲ್ಪ ಹಿಂದೆ ಹೋಗಿ. ಬೆಳಿಗ್ಗೆ ಏಳೂವರೆ. ನಮ್ಮನೆಯವರು ಬಾಗಿಲ ಹತ್ರ ಕೂತು ಶೂ ಹಾಕ್ಕೋತಿದ್ರು. ಚಿಲಕ ಹಾಕ್ಬಿಡಿ, ಸಾಕು."

ನಾನು ಪೆನ್ನು ಕೆಳಗಿಟ್ಟೆ. ಆ ಬೆಳಿಗ್ಗೆಯನ್ನು ನಾನು ಬರೆದಿಲ್ಲ. ಈ ಕಥೆಯ ಮೊದಲ ಸಾಲಿಗೆ ಬರುವಷ್ಟರಲ್ಲೇ ಅವನು ಹೋಗಿಯಾಗಿತ್ತು. ನನ್ನ ಸ್ವಿಚ್ ಅಲ್ಲಿಯತನಕ ಮುಟ್ಟುವುದಿಲ್ಲ.

ಅವಳು, "ಹಾಗಾದ್ರೆ ಇದನ್ನೂ ಮುಟ್ಬೇಡಿ," ಅಂದಳು. "ಆಗಿದ್ದು ಆಗೇ ಇಲ್ಲ ಅನ್ನೋ ಹಾಗೆ ಬರೆಯೋರು ಬೇರೆ ಇದಾರೆ. ಅವರಿಗೆ ಆಫೀಸೇ ಇದೆ."

೮

ಗುರುವಾರ ಮೂವರೂ ಬಂದರು. ಕುರ್ಚಿ ಕಳೆದ ಸಲದ ಜಾಗದಲ್ಲೇ ಇತ್ತು. ಪಕ್ಕದ ಸ್ಟೂಲಿನ ಮೇಲೆ ಎರಡು ಬಾಟಲಿ, ಒಣಗಿ ಮುದುರಿದ ಟೋಪಿ. ನಿರ್ದೇಶಕ ಬಾಟಲಿಗಳನ್ನು ನೋಡಿ, ಇದಿನ್ನೂ ಫ್ರೀಜರ್‌ನಲ್ಲಿ ಇಟ್ಟಿಲ್ಲವಾ ಎಂದು ಕೇಳಿದ.

"ನಾನು ಹೇಳೋದೆಲ್ಲ ಹೇಳಿದೀನಿ," ಅಂದಳು. "ಇವತ್ತು ನೀವು ಕೂತ್ಕೊಳ್ಳಿ."

ಅವನು ನಕ್ಕ. ಯಾರೂ ಜೊತೆಗೆ ನಗಲಿಲ್ಲವಾದ್ದರಿಂದ ಕೂತ. ಕ್ಯಾಮೆರಾದವಳು ಯಾರೂ ಹೇಳದೆಯೇ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಅವನತ್ತ ತಿರುಗಿಸಿದಳು. ಸೌಂಡಿನವನು ಫ್ಯಾನ್ ನಿಲ್ಲಿಸಿ, ಗಡಿಯಾರವನ್ನು ದಿಂಬಿನಡಿ ಇಟ್ಟು, ಅವನ ಅಂಗಿಗೆ ಮೈಕು ಸಿಕ್ಕಿಸಿ, ಅಭ್ಯಾಸಬಲದಿಂದ ಫ್ರಿಜ್ಜಿನ ಸ್ವಿಚ್ಚಿಗೆ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಅವಳ ಮುಖ ನೋಡಿದ.

"ಓಡ್ಲಿ," ಅಂದಳು.

ನಿರ್ದೇಶಕ ದನಿಯೇರಿಸಿದ. ಈ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಇದನ್ನು ಬಳಸಲು ಬರುವುದಿಲ್ಲ, ಇಷ್ಟಕ್ಕೂ ಇದು ಯಾವ ಚಿತ್ರ. ಅವಳು ಟೋಪಿಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು, ಅಕ್ಷರ ಮೇಲೆ ಬರುವಂತೆ.

"ಫ್ರಿಜ್ ಆಫ್ ಮಾಡಿದ್ದು ಯಾರು?"

ನಿರ್ದೇಶಕ ಸೌಂಡಿನವನತ್ತ ನೋಡಿದ. ಸೌಂಡಿನವನು ಕಿವಿಯ ಹೆಡ್‌ಫೋನ್ ತೆಗೆದು ಕೊರಳಿಗೆ ಇಳಿಸಿಕೊಂಡ.

"ನಾನು ಮೇಡಂ. ನಾನೇ ಮಾಡಿದ್ದು. ಮತ್ತೆ ಹಾಕ್ಲಿಲ್ಲ."

ಚಿತ್ರದ ಹೆಸರಿಗೆ ಆವತ್ತಿನವರೆಗೆ ಸಿಕ್ಕ ಮೊದಲ ಉತ್ತರ ಅದು. ಮಂತ್ರಿ, ವಕೀಲ, ಕಂಪನಿಯ ವಕ್ತಾರ, ಮೂವತ್ತೆರಡು ಸಂದರ್ಶನಗಳಲ್ಲಿ ಒಬ್ಬರ ಬಾಯಲ್ಲೂ 'ನಾನು' ಬಂದಿರಲಿಲ್ಲ. ಅವಳು ಅವನಿಗೆ ತಲೆದೂಗಿದಳು. ಅವನು ಮತ್ತೆ ಹೆಡ್‌ಫೋನ್ ಹಾಕಿಕೊಂಡ.

"ಬಾಟ್ಲಿ ಒಂದು ವಾರ ಇಲ್ಲೇ ಇರ್ಲಿ ಅಂದಿದ್ದು ಯಾರು?"

ನಿರ್ದೇಶಕ ಟೋಪಿಯ ಅಂಚನ್ನು ಮಡಿಸಿದ, ಬಿಡಿಸಿದ. ಕ್ಯಾಮೆರಾದ ಕೆಂಪು ದೀಪ ನೋಡಿದ.

(ಇಲ್ಲಿ ನೀವು ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದೀರಿ. ಅವನು ಒಪ್ಪಿಕೊಂಡನಾ, ಚಿತ್ರದಲ್ಲಿ ಇದು ಬಂತಾ, ಕಂಪನಿ ಏನಾಯಿತು. ಒಪ್ಪಿಕೊಂಡ ಎಂದು ಬರೆದರೆ ಅವನ ಕೆಲಸವನ್ನು ನಾನು ಮಾಡಿಕೊಟ್ಟ ಹಾಗೆ. ಒಪ್ಪಲಿಲ್ಲ ಎಂದು ಬರೆದರೆ ಅವನನ್ನು ಕುರ್ಚಿಯಿಂದ ಎಬ್ಬಿಸಿ ಮನೆಗೆ ಕಳಿಸಿದ ಹಾಗೆ. ಎರಡೂ ನನ್ನಿಂದ ಆಗುವುದಿಲ್ಲ.)

"ಸೌಂಡ್ ಬರ್ತಿದೆಯಾ?" ಅವಳು ಕೇಳಿದಳು.

"ಬರ್ತಿದೆ ಮೇಡಂ. ಫ್ರಿಜ್ ಒಂದೇ."

"ಪರವಾಗಿಲ್ಲ. ಕಾಯೋಣ."

ಗುರ್ ಎನ್ನುತ್ತಿದ್ದ ಫ್ರಿಜ್ ಒಮ್ಮೆ ಮೈ ನಡುಗಿಸಿ, ಯಾರೂ ಮುಟ್ಟದೆ, ತಾನಾಗಿಯೇ ನಿಂತಿತು. ಕೋಣೆಯಲ್ಲಿ ಈಗ ಒಂದು ಸದ್ದೂ ಇಲ್ಲ. ಅವನು ಏನು ಹೇಳಿದರೂ ಸ್ಪಷ್ಟವಾಗಿ ಕೇಳಿಸುತ್ತದೆ.