ನೆನೆದವರ ತೂಕ

ನಮ್ಮ ಭಾವ ಹೊಸಬರನ್ನು ಕಂಡರೆ ಮೊದಲು ಮನಸ್ಸಿನಲ್ಲೇ ಅವರನ್ನು ತೂಗುತ್ತಿದ್ದರು. ಅದೂ ಒಣ ತೂಕವಲ್ಲ. ಮೈಮೇಲಿನ ಬಟ್ಟೆ, ಕಾಲಿನ ಜೋಡು ಎಲ್ಲ ಸಮೇತ ನೀರಿನಿಂದ ಎತ್ತಿದಾಗ ಎಷ್ಟು ಭಾರವಾದಾರು ಎಂಬ ಲೆಕ್ಕ. ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಗಂಭೀರ ವಿದ್ವಾಂಸರು ಒಮ್ಮೆ ಅಕ್ಕನ ಮನೆಗೆ ಚಹಾಕ್ಕೆ ಬಂದಿದ್ದಾಗ, ಭಾವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತೊಂಬತ್ತೆರಡು. ಕೋಟು ಬಿಚ್ಚಿದ್ರೆ ಎಂಬತ್ತೇಳು," ಎಂದರು. ನಾನು ತಲೆ ತಗ್ಗಿಸಿದೆ. ಭಾವನ ವಿಷಯದಲ್ಲಿ ಆಗ ನನಗಾಗುತ್ತಿದ್ದ ನಾಚಿಕೆ ಅಂಥದು, ಅಗ್ಗದ್ದು.

ಮೂವತ್ತೊಂದು ವರ್ಷ ಬೋಟ್ ಯಾರ್ಡಿನಲ್ಲಿ ಬಡಗಿಯಾಗಿ ಮೀನುಗಾರರ ದೋಣಿಗಳನ್ನು ಕಟ್ಟಿದವರು ಅವರು. ಓಲಾಡುವ ಹಲಗೆಗಳ ಮೇಲೆ ನಿಂತು ನಿಂತು, ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿಯೇ ನಡೆಯುತ್ತಿದ್ದರು. ಓಣಿಯಲ್ಲಿ ಎದುರಾದವರು ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ಮೊಳಕೈ ಸವೆದ ಖಾಕಿ ಕೋಟು, ಅದರ ಒಳಜೇಬಿನಲ್ಲಿ ಮಡಚುವ ಅಳತೆಪಟ್ಟಿ, ಯಾವ ಮಾತಿನ ಕೊನೆಗೂ "ನೋಡೋಣ, ನೀರು ಏನನ್ನತ್ತೆ" ಎಂಬ ಬಾಲ. ಮಗಳ ಮದುವೆಯ ಮಾತುಕತೆ ಮುಗಿದಾಗಲೂ ಬೀಗರ ಎದುರಿಗೆ ಇದನ್ನೇ ಹೇಳಿ ಅಕ್ಕನಿಂದ ಬೈಸಿಕೊಂಡಿದ್ದರು.

ನಿವೃತ್ತರಾದ ಮೇಲೆ, ಹಿಂದಿನ ಕೋಣೆಯಲ್ಲಿ ಕುಳಿತು, ತಾವು ಕಟ್ಟಿದ್ದ ದೋಣಿಗಳನ್ನೇ ಹತ್ತಕ್ಕೊಂದು ಅಳತೆಯಲ್ಲಿ ಮತ್ತೆ ಕಟ್ಟತೊಡಗಿದರು. ಬಲೆ ಎಳೆಯುವ ರಾಟೆ ತಿರುಗುತ್ತಿತ್ತು, ಮೀನು ತುಂಬುವ ಹೊಂಡದ ಮುಚ್ಚಳ ತೆರೆಯುತ್ತಿತ್ತು. ಆದರೆ ಅವರ ಮನಸ್ಸೆಲ್ಲ ಇದ್ದದ್ದು ಜೀವರಕ್ಷಕ ದೋಣಿಯಲ್ಲಿ. ತಾವು ಕಟ್ಟಿಕೊಟ್ಟ ಯಾವ ಮೀನುದೋಣಿಯಲ್ಲೂ ಅಂಥದೊಂದು ಇಲ್ಲವೆಂಬುದು ಅವರ ಪಾಲಿಗೆ ಮುಳ್ಳಾಗಿತ್ತು. ಎಂಟು ಜನ ಹಿಡಿಯುವ, ಡೆಕ್ಕಿನ ಮೂಲೆಯಲ್ಲಿ ಮಗುಚಿ ಇಡಬಹುದಾದ, ಸಣ್ಣ ಹಾಯಿಯ ದೋಣಿಯೊಂದನ್ನು ತಾವೇ ಯೋಚಿಸಿ, ಅದರ ಮಾದರಿಯನ್ನು ಆರು ಸಲ ಕಟ್ಟಿದರು, ಐದು ಸಲ ಒಡೆದರು. ಕೂರಲು ಎಂಟು ಮರದ ಗೊಂಬೆ: ಮುಖವಿಲ್ಲ, ಬಣ್ಣವಿಲ್ಲ, ಹೊಟ್ಟೆಯಲ್ಲಿ ಸೀಸ. ಉದ್ದ ಹತ್ತರಲ್ಲೊಂದಾದರೆ ತೂಕ ಸಾವಿರದಲ್ಲೊಂದಾಗಬೇಕು ಎಂದು ಅಕ್ಕನ ಅಡುಗೆಮನೆಯ ತಕ್ಕಡಿಯಲ್ಲಿಟ್ಟು, ಕೊರೆದು, ತುಂಬಿ, ಒಂದೊಂದನ್ನೂ ನೆನೆದ ಮನುಷ್ಯನ ತೂಕಕ್ಕೆ ತಂದಿದ್ದರು. ಅವಿಲ್ಲದೆ ಆ ದೋಣಿಯನ್ನು ಒಮ್ಮೆಯೂ ನೀರಿಗೆ ಬಿಟ್ಟವರಲ್ಲ.

"ಇದೇನು ಭಾವ, ಒಳ್ಳೆ ಹೆಣಗಳ ಹಾಗಿವೆ?" ಎಂದು ನಾನು ಕೇಳಿದ್ದೆ.

"ಹೆಣ ಆಗ್ಬಾರ್ದು ಅಂತಾನೇ ಅಲ್ವಾ ಟೀಚರಮ್ಮ, ಕೂರಿಸಿರೋದು?"

ಟೀಚರಮ್ಮ ಆ ಹೊತ್ತಿಗೆ ಕಾಲೇಜಿನ ಪ್ರಾಂಶುಪಾಲೆಯಾಗಿದ್ದಳು. ತರ್ಕಶಾಸ್ತ್ರ ನನ್ನ ವಿಷಯ. ಆ ವರ್ಷ ಕಾಲೇಜಿನಲ್ಲಿ ಏರ್ಪಡಿಸಿದ್ದ ಕೈಕೆಲಸದ ಪ್ರದರ್ಶನಕ್ಕೆ ಮೀನುದೋಣಿ ಮಾಲೀಕರ ಸಂಘದ ಅಧ್ಯಕ್ಷರನ್ನು ಅತಿಥಿಯಾಗಿ ಕರೆದಿದ್ದೆ. ಭಾವ ಬೇಡಿದ್ದು ಇಷ್ಟೇ: ಕಾಲೇಜಿನ ಅಂಗಳದ ಕೊಳದಲ್ಲಿ, ಅಧ್ಯಕ್ಷರ ಕಣ್ಣೆದುರು ಅವರ ದೋಣಿ ಒಂದು ಸುತ್ತು ಹಾಕಬೇಕು. ಹಿಡಿಸಿದರೆ ಸಂಘದ ನಲವತ್ತು ದೋಣಿಗಳಿಗೂ ಒಂದೊಂದು ಮಾಡಿಸುತ್ತೇನೆಂದು ಅಧ್ಯಕ್ಷರು ಮಾತು ಕೊಟ್ಟಿದ್ದರು.

ಪ್ರದರ್ಶನದ ದಿನ ಬೆಳಿಗ್ಗೆ ದೋಣಿ ನನ್ನ ಮೇಜಿನ ಮೇಲಿತ್ತು. ಫೋಟೋದವರು ಬರುವವರಿದ್ದರು. ಅಷ್ಟು ಚಂದದ ದೋಣಿಯಲ್ಲಿ ಆ ಮೊಂಡು ಗೊಂಬೆಗಳು ನನ್ನ ಕಣ್ಣಿಗೆ ಅಸಹ್ಯವಾಗಿ ಕಂಡವು. ಭಾರ ಇಳಿದರೆ ದೋಣಿ ಚುರುಕಾಗಿಯೇ ಓಡೀತು ಎಂದು ತರ್ಕಿಸಿ, ಎಂಟನ್ನೂ ತೆಗೆದು ಮೇಜಿನ ಖಾನೆಗೆ ಹಾಕಿದೆ. ಭಾವ ಹೊರಗೆ ಕೊಳದ ಪಾಚಿ ತೆಗೆಸುತ್ತಿದ್ದರು. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಖಾಕಿ ಕೋಟು ಅತಿಥಿಗಳ ಪಕ್ಕ ಬೇಡವೆಂದು ಅವರನ್ನು ಮೂರನೆಯ ಸಾಲಿನಲ್ಲಿ ಕೂರಿಸಿ, ಅಟೆಂಡರ್ ಕೈಯಿಂದ ದೋಣಿಯನ್ನು ನೀರಿಗೆ ಬಿಡಿಸಿದೆ.

ಅಷ್ಟು ದೂರದಿಂದಲೇ ಅವರಿಗೆ ತಿಳಿಯಿತು. ಎದ್ದು ನಿಂತರು. "ತಡೀರಿ, ತಡೀರಿ! ಟೀಚರಮ್ಮ, ಹಾಯಿ ಬಿಚ್ಚಿಸ್ಬೇಡಿ, ದೋಣಿ ನೀರಿಂದ ತೀರಾ ಮೇಲೆ ನಿಂತಿದೆ!"

ತರಗತಿಗೆ ತಡವಾಗಿ ಬಂದವರಿಗೆ ಮಾಡುವ ಹಾಗೆ, ನಾನು ಅಂಗೈ ಕೆಳಗೆ ಮಾಡಿ ಕೂರಲು ಸನ್ನೆ ಮಾಡಿದೆ. ಅವರು ಕುಳಿತರು.

ಅಟೆಂಡರ್ ಹಾಯಿ ಬಿಚ್ಚಿದ. ಕಟ್ಟಡದ ಮೂಲೆಯಿಂದ ಒಂದು ಗಾಳಿ ಬೀಸಿತು. ತಳದಲ್ಲಿ ಭಾರವಿಲ್ಲದ ದೋಣಿ ಅಲ್ಲಿಯೇ ಮಗುಚಿಕೊಂಡಿತು. ಅಂಗಳವೆಲ್ಲ ನಕ್ಕಿತು. "ಏನ್ ಬಡಗಿಗಳೇ," ಎಂದು ಅಧ್ಯಕ್ಷರು ಕೂತಲ್ಲಿಂದಲೇ ಕೂಗಿದರು, "ನಮ್ಮೋರು ಈಜ್ಕೊಂಡೇ ಬರ್ತಾರೆ ಬಿಡಿ, ಅದೇ ವಾಸಿ!" ನಾನು ಮೈಕಿನಲ್ಲಿ, "ಹವ್ಯಾಸಿಗಳ ಕೆಲಸ, ದಯವಿಟ್ಟು ಉದಾರವಾಗಿ ನೋಡಬೇಕು," ಎಂದೆ. ಈ ವಾಕ್ಯವನ್ನು ಆಡಿದವಳು ನಾನೇ. ಬೇರೆ ಯಾರೂ ಆಡಿಸಲಿಲ್ಲ.

ಭಾವ ಒದ್ದೆ ದೋಣಿಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಕೋಣೆಗೆ ಬಂದರು.

"ಜನ ಎಲ್ಲಿ?"

ಖಾನೆ ಎಳೆದು ತೋರಿಸಿದೆ. ಎಂಟನ್ನೂ ಎಣಿಸಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು. ಪಕ್ಕದ ಕೋಣೆಯಲ್ಲಿ ಅಧ್ಯಕ್ಷರು ಇನ್ನೂ ಚಹಾ ಕುಡಿಯುತ್ತಿದ್ದರು. ಅವರ ನಗು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು. ನಡುವೆ ಇದ್ದದ್ದು ಒಂದು ಪರದೆ. ಭಾವ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಾಗದಗಳನ್ನು ಜೋಡಿಸತೊಡಗಿದೆ. "ಬರ್ತೀನಿ ಟೀಚರಮ್ಮ," ಎಂದು ಹೊರಟುಹೋದರು.

"ವರ್ಷವಿಡೀ ನನ್ನ ತಕ್ಕಡಿ ಹಾಳು ಮಾಡಿದ್ದು ಈ ಸಂಭ್ರಮಕ್ಕಾ?" ಎಂದು ಆ ಸಂಜೆ ಅಕ್ಕ ಹಂಗಿಸಿದಳಂತೆ. "ಗಾಳಿ ಎಡವಟ್ಟು ಕಣೇ," ಎಂದಿದ್ದರಂತೆ ಭಾವ.

ಸಂಘ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ನಿವೃತ್ತಳಾದ ಮರುವರ್ಷ, ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ, ನಾನು ಅಧ್ಯಕ್ಷರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. "ಆವತ್ತೇ ಹೇಳ್ಬಾರ್ದಿತ್ತಾ ಮೇಡಂ? ಈಗ ನಾನು ಅಧ್ಯಕ್ಷನೂ ಅಲ್ಲ," ಎಂದರು ಆತ. ಹಿಂದಿರುಗಿ ಭಾವನಿಗೆ ತಿಳಿಸಿದಾಗ, ಅವರು ಉಳಿಯಿಂದ ಕಣ್ಣೆತ್ತದೆ, "ಹೋಗ್ಲಿ ಬಿಡಿ. ನಿಮಗೂ ಆವತ್ತು ಎದುರಿಗೆ ಅಷ್ಟೊಂದು ಜನ," ಎಂದರು. ಬೈದಿದ್ದರೆ ನಾನು ವಾದಿಸುತ್ತಿದ್ದೆ. ವಾದಿಸುವುದು ನನಗೆ ಬರುತ್ತದೆ. ಆ ನಲವತ್ತು ದೋಣಿಗಳು ಇಂದಿಗೂ ಜೀವರಕ್ಷಕ ದೋಣಿಯಿಲ್ಲದೆ ಬರಿಗೈಯಲ್ಲೇ ಕಡಲಿಗೆ ಹೋಗುತ್ತಿವೆ. ಈವರೆಗೆ ಎಲ್ಲರೂ ಮರಳಿದ್ದಾರೆ. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಭಾವನಂಥವರು ಪರರ ಕೆಟ್ಟ ಗಳಿಗೆಯನ್ನು ಎಷ್ಟು ವಿವರವಾಗಿ ಯೋಚಿಸಿರುತ್ತಾರೆಂದರೆ, ತಮ್ಮ ಮೇಲೆ ಬೀಳುವ ಮಾತಿಗೆ ಒಂದು ಉತ್ತರವನ್ನೂ ಸಿದ್ಧವಾಗಿಟ್ಟುಕೊಂಡಿರುವುದಿಲ್ಲ. ಓದಿದ ನಾವು ಅವರ ಮೌನವನ್ನು ತಪ್ಪೊಪ್ಪಿಗೆಯೆಂದು ತಿಳಿಯುತ್ತೇವೆ, ಏಕೆಂದರೆ ನಮಗೆ ಅದು ಅನುಕೂಲ. ಅವರು ಕಾಯುವುದು ನಿಜ ಗೊತ್ತಿದ್ದವರು ಎದ್ದು ನಿಂತು ಒಂದು ಮಾತು ಹೇಳಲಿ ಎಂದು. ಅದೂ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ತಮ್ಮ ಕೆಲಸಕ್ಕೆ ಹೋಗಿಬಿಡುತ್ತಾರೆ.