ಆರು ಪ್ಯಾನೆಲ್ಲಿನ ಹೊಟ್ಟೆಕಿಚ್ಚು

ಕರೆಂಟ್ ಬಿಲ್ಲು ಬಂದ ದಿನ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಮಾತಾಡುವುದಿಲ್ಲ. ವಾಸದ ಮನೆಗೆ ಗೃಹಜ್ಯೋತಿ ಇದೆ, ಅದರ ಚಿಂತೆಯಿಲ್ಲ. ಆದರೆ ಹಿಂದಿನ ಶೆಡ್ಡಿನಲ್ಲಿ ನಾವು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತೇವೆ. ಅಲ್ಲಿನ ಮೀಟರು ಬೇರೆ. ಮೋಟಾರು ತಿರುಗಿದಷ್ಟೂ ದುಡ್ಡು.

ನಾನು ಚಿಕ್ಕಲಕ್ಷ್ಮಮ್ಮ, ರಾಮನಗರದವಳು. ಯಜಮಾನರು ಅಶ್ವಥ್ ಜೊತೆ ಹದಿನೆಂಟು ವರ್ಷದಿಂದ ಈ ಕಸುಬು ಮಾಡುತ್ತಿದ್ದೇನೆ. ಗೋಡೆಯಾಚೆ ಅಕ್ಬರಿ ಬೇಗಂ ಅವರ ಶೆಡ್ಡು. ಅವರದ್ದೂ ಇದೇ ಕೆಲಸ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಹಾಗಾಗಿ ಆಪಾ ಎಂದು ಕರೆಯುತ್ತೇನೆ. ಇಬ್ಬರೂ ಒಂದೇ ಮಹಿಳಾ ಸ್ವಸಹಾಯ ಸಂಘದಲ್ಲಿದ್ದೇವೆ.

ಹೋದ ವರ್ಷ ಅವರ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಕೂತವು. ಆರು. ಬಟ್ಟೆ ಒಣಹಾಕಲು ಮೇಲೆ ಹೋದಾಗಲೆಲ್ಲ ನಾನು ಎಣಿಸುತ್ತಿದ್ದೆ, ಎಣಿಸಿದರೆ ಒಂದಾದರೂ ಕಡಿಮೆಯಾಗುತ್ತದೆ ಎನ್ನುವ ಹಾಗೆ. ಬಿಲ್ಲು ಅರ್ಧಕ್ಕಿಂತ ಕೆಳಗೆ ಇಳಿಯಿತು ಎಂದು ಆಪಾ ಸಂಘದಲ್ಲಿ ಹೇಳಿದಾಗ ಎಲ್ಲರೂ ಸಂತೋಷಪಟ್ಟರು. ನಾನೂ ನಕ್ಕೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇನು, ನಾನು ಹೇಳಲು ಹೊರಟಿರುವುದೇ ಹೊಟ್ಟೆಕಿಚ್ಚಿನ ಕಥೆ.

ಅಂಥ ಹೊತ್ತಿನಲ್ಲಿ ಒಂದು ಸೋಲಾರ್ ಕಂಪನಿಯ ಏಜೆಂಟು ನಮ್ಮ ಬಾಗಿಲಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣದ ಪುಸ್ತಕ.

"ಮೇಡಂ, ನಮ್ಮ ಪ್ಯಾನೆಲ್ ಇಪ್ಪತ್ತಮೂರು ಪರ್ಸೆಂಟ್ ಎಫಿಶಿಯೆನ್ಸಿ. ಪಕ್ಕದ ಮನೆಯವರ ಆರು ಮಾಡೋ ಕೆಲಸ ನಮ್ಮ ಐದೇ ಮಾಡುತ್ತೆ. ಐದಕ್ಕೆ ಎರಡು ಲಕ್ಷ ಮೂವತ್ತು ಸಾವಿರ."

"ಐದೇನಾ?" ಎಂದೆ. ಬೀದಿಯಲ್ಲಿ ನಿಂತು ನೋಡುವವರಿಗೆ ಆರಕ್ಕಿಂತ ಐದು ಕಡಿಮೆಯೇ ಅಲ್ಲವೇ?

ನನ್ನ ಮುಖ ನೋಡಿಯೇ ಅವನಿಗೆ ರೋಗ ಗೊತ್ತಾಯಿತು. "ಹಾಗಾದ್ರೆ ಹತ್ತು ಹಾಕಿಸಿ ಮೇಡಂ. ಸಾಲ ನಾವೇ ಮಾಡಿಸಿಕೊಡ್ತೀವಿ. ನೀವು ಒಂದು ಲಕ್ಷ ನಮ್ಮ ಕಂಪನಿಯಲ್ಲಿ ಹೂಡಿಕೆ ಮಾಡಿ. ತಿಂಗಳಿಗೆ ಐದು ಸಾವಿರ ಲಾಭ ಕೊಡ್ತೀವಿ, ಅದರಲ್ಲೇ ಕಂತು ಕಟ್ಟಿ. ಕರೆಂಟ್ ಹೋದ್ರೂ ನಿಮ್ಮ ಮೋಟಾರ್ ನಿಲ್ಲಲ್ಲ. ನಾಳೆ ಸಂಜೆ ಬರ್ತೀನಿ, ಆಫರ್ ನಾಳೆಗೇ ಮುಗಿಯುತ್ತೆ."

ನಮ್ಮ ಹತ್ತಿರ ಇದ್ದದ್ದೇ ಒಂದು ಲಕ್ಷ. ಅದು ಗೂಡಿನ ದುಡ್ಡು. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಗೂಡು ಕೊಳ್ಳುವುದು, ನೂಲು ಮಾರುವುದು, ಬಂದದ್ದನ್ನು ಮತ್ತೆ ಗೂಡಿಗೆ ಹಾಕುವುದು. ಅದು ಕೈಬಿಟ್ಟರೆ ಶೆಡ್ಡಿನ ಒಲೆ ಹತ್ತುವುದಿಲ್ಲ, ನಮ್ಮಲ್ಲಿ ದುಡಿಯುವ ಐದು ಜನ ಹೆಂಗಸರಿಗೆ ಕೂಲಿಯೂ ಇಲ್ಲ.

ಯಜಮಾನರು ಒಪ್ಪಲಿಲ್ಲ. "ಗೂಡಿನ್ ದುಡ್ಡು ಮುಟ್ಬೇಡ ಕಣಮ್ಮಿ. ಒಸಿ ಆಪಾನ ಒಂದ್ ಮಾತು ಕೇಳು. ಅವ್ರು ಹಾಕ್ಸವ್ರಲ್ಲ, ಅವ್ರಿಗೆ ಗೊತ್ತಿರ್ತದೆ."

"ಅವ್ರುನ್ನ ಕೇಳ್ದೆ ನಾವು ಬಾಳ್ವೆ ಮಾಡಕ್ಕಾಗಲ್ವಾ?" ಎಂದು ಎದ್ದು ಹೋದೆ.

ಆದರೂ ಮಾರನೆಯ ದಿನ ಆಪಾ ಮನೆಗೆ ನಾನೇ ಹೋದೆ. ಕೇಳಲು ಅಲ್ಲ, ಹೇಳಿಕೊಳ್ಳಲು. ಆಪಾ ಶೆಡ್ಡಿನಲ್ಲಿ ಕೂತು ಗೂಡು ಆರಿಸುತ್ತಿದ್ದರು.

"ನಾವೂ ಸೋಲಾರ್ ಹಾಕುಸ್ತಾ ಇದ್ದೀವಿ ಆಪಾ. ಹತ್ತು ಪ್ಯಾನೆಲ್ಲು. ನಮ್ದು ಇಪ್ಪತ್ಮೂರು ಪರ್ಸೆಂಟ್ದು. ನಿಮ್ದೆಷ್ಟು?"

"ನಮ್ದು ಇಪ್ಪತ್ತೊಂದು."

ಆ ಎರಡು ಪರ್ಸೆಂಟಿಗೆ ನನಗಾದ ಖುಷಿ ಅಷ್ಟಿಷ್ಟಲ್ಲ. ಆಪಾ ತಲೆಯೆತ್ತದೆ ಕೇಳಿದರು. "ಒಳ್ಳೇದಾಯ್ತು ಬಿಡು. ರೇಟೆಷ್ಟು?"

ಹೇಳಿದೆ. ಲಕ್ಷದ ಹೂಡಿಕೆ, ತಿಂಗಳ ಲಾಭದ ಮಾತನ್ನೂ ಸೇರಿಸಿದೆ. ಗೂಡು ಆರಿಸುತ್ತಿದ್ದ ಅವರ ಕೈ ನಿಂತಿತು.

"ನಮ್ದು ಆರಕ್ಕೆ ಒಂದ್ಲಕ್ಷದ ಅರವತ್ತೈದು ಸಾವ್ರ ಆಯ್ತು. ನಿಂದು ಐದಕ್ಕೇ ಎರಡು ಮೂವತ್ತಾ?"

"ಆರರ ಕೆಲ್ಸ ಐದೇ ಮಾಡ್ತದಂತೆ."

"ನಿಜ ಅಂತ್ಲೇ ಇಟ್ಕೋ." ಆಪಾ ಎರಡು ಹಿಡಿ ಗೂಡು ತೆಗೆದು ನನ್ನ ಮುಂದೆ ಬೇರೆ ಬೇರೆ ಸುರಿದರು. "ಇದು ಕೆಜಿಗೆ ಏಳ್ನೂರು. ಆರ್ ಕೆಜಿ ಬೇಯಿಸಿದ್ರೆ ಒಂದ್ ಕೆಜಿ ನೂಲು. ಇದು ಐನೂರು, ಆದ್ರೆ ಏಳ್ ಕೆಜಿ ಬೇಕು. ನೂಲಿಗೆ ಸಿಗೋ ರೇಟು ಒಂದೇ. ಯಾವ್ದು ತಗೋತೀಯ?"

ಇದಕ್ಕೆ ಯೋಚನೆ ಬೇಕೇ? "ಐನೂರರದ್ದೇ. ಅದ್ರಲ್ಲಿ ಕೆಜಿ ನೂಲಿಗೆ ಮೂರೂವರೆ ಸಾವ್ರ ಬೀಳ್ತದೆ. ಇದ್ರಲ್ಲಿ ನಾಲ್ಕ್ ಸಾವ್ರದ ಇನ್ನೂರು."

"ನೋಡು, ಬಾಯಲ್ಲೇ ಹೇಳ್ಬುಟ್ಟೆ. ಪ್ಯಾನೆಲ್ಗೆ ಯಾಕೆ ಈ ಲೆಕ್ಕ ಹಾಕ್ನಿಲ್ಲ?"

ಹದಿನೆಂಟು ವರ್ಷ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಒಂದು ರಾಶಿಗೂ ದುಡ್ಡು ಕೊಟ್ಟವಳಲ್ಲ ನಾನು. ಪ್ಯಾನೆಲ್ಲಿಗೆ ಬಂದಾಗ ಮಾತ್ರ ಪಕ್ಕದ ಮಾಳಿಗೆ ನೋಡಿಕೊಂಡು ತಲೆಯಾಡಿಸಿದ್ದೆ.

"ಪರ್ಸೆಂಟು ಅನ್ನೋದು ಜಾಗದ್ ಮಾತು ಲಕ್ಷ್ಮಮ್ಮ," ಎಂದರು ಆಪಾ. "ಪರ್ಸೆಂಟು ಜಾಸ್ತಿ ಇದ್ರೆ ಕಮ್ಮಿ ಜಾಗದಲ್ಲಿ ಅಷ್ಟೇ ಕರೆಂಟು ಬತ್ತದೆ. ಮೂರು ಕಿಲೋವ್ಯಾಟ್ ಅಂದ್ರೆ ಯಾವ ಪ್ಯಾನೆಲ್ ಆದ್ರೂ ಹೆಚ್ಚುಕಮ್ಮಿ ಅಷ್ಟೇ ಯೂನಿಟ್ಟು. ಮಾಳಿಗೆ ಚಿಕ್ಕದಿದ್ರೆ ದುಡ್ಡು ಜಾಸ್ತಿ ಕೊಡೋದ್ರಲ್ಲಿ ಅರ್ಥ ಐತೆ. ನಿನ್ ಮಾಳಿಗೆ ಮೇಲೆ ಮದುವೆ ಊಟ ಹಾಕ್ಬೋದು. ನಿಂಗ್ಯಾಕೆ?"

"ಕರೆಂಟ್ ಹೋದ್ರೂ ಮೋಟಾರ್ ನಿಲ್ಲಲ್ಲ ಅಂದ."

"ಬ್ಯಾಟರಿ ಇಲ್ದಿದ್ರೆ ನಿಲ್ತದೆ. ಲೈನ್ ಹೋದ್ರೆ ನಮ್ದೂ ಆಫು."

ಅವರದ್ದೂ ನಿಲ್ಲುತ್ತದೆ ಎಂದು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಕೆಟ್ಟ ಬುದ್ಧಿ, ಏನು ಮಾಡುವುದು.

"ಆ ಲಕ್ಷದ್ದೇನು ಕಥೆ?" ಎಂದು ಆಪಾ ಬಿಡಲಿಲ್ಲ. "ಬ್ಯಾಂಕ್ನೋರು ವರ್ಷಕ್ಕೆ ನೂರಕ್ಕೆ ಏಳು ಕೊಡಕ್ಕೆ ಹಿಂದೆಮುಂದೆ ನೋಡ್ತಾರೆ. ಇವ್ನು ತಿಂಗ್ಳಿಗೆ ಐದು ಕೊಡ್ತಾನಾ? ಎಲ್ಲಿಂದ ತತ್ತಾನೆ? ಜನರತ್ರ ಹಿಂಗೆ ಹೂಡಿಕೆ ದುಡ್ಡು ಎತ್ತಕ್ಕೆ ಸೆಬಿದೋ ರಿಸರ್ವ್ ಬ್ಯಾಂಕ್ದೋ ನೋಂದಣಿ ಇರ್ಬೇಕು. ನಂಬರ್ ಕೇಳು. ಪ್ಯಾನೆಲ್ ಮಾರೋನು ಪ್ಯಾನೆಲ್ ಮಾರ್ಲಿ, ನಮ್ ಗೂಡಿನ್ ದುಡ್ಡು ಅವ್ನಿಗ್ಯಾಕೆ?"

"ಇದ್ನೆಲ್ಲ ಮೊದ್ಲೇ ಯಾಕ್ ಹೇಳ್ನಿಲ್ಲ ಆಪಾ?"

"ನೀನು ಕೇಳ್ದ್ಯಾ? ನಾನು ಮಾಳಿಗೆ ಮೇಲೆ ಬಂದ್ರೆ ಸಾಕು, ನೀನು ಒದ್ದೆ ಬಟ್ಟೆ ಹಂಗೇ ಬಿಟ್ಟು ಇಳ್ದ್ಬುಡ್ತಿದ್ದೆ. ಒಂದ್ ವರ್ಷದಿಂದ ನೋಡ್ತಾ ಇವ್ನಿ."

ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡು ಅವರ ಜೊತೆ ಕೂತು ಒಂದಷ್ಟು ಗೂಡು ಆರಿಸಿದೆ. ಆಪಾ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಸಂಜೆ ಏಜೆಂಟು ಬಂದ. ಚೀಲ ತೆರೆದು ಕೂತ. ನಾನು ಕಾಫಿ ಕೊಟ್ಟು ಕೇಳಿದೆ.

"ಬ್ಯಾಟರಿ ಇಲ್ದೆ ಕರೆಂಟ್ ಹೋದಾಗ ಹೆಂಗೆ ನಡೀತದೆ?"

"ಅದು... ಬ್ಯಾಟರಿ ಎಕ್ಸ್‌ಟ್ರಾ ಮೇಡಂ."

"ಹೂಡಿಕೆ ತಗೊಳ್ಳಕ್ಕೆ ನೋಂದಣಿ ನಂಬರ್ ಎಷ್ಟು? ಬರ್ಕೊಡಿ."

"ಆಫೀಸಲ್ಲಿ ಕೇಳಿ ಹೇಳ್ತೀನಿ," ಎಂದವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಫೋನ್ ಮಾಡುತ್ತೇನೆ ಎಂದಿದ್ದ. ಇವತ್ತಿನವರೆಗೂ ಮಾಡಿಲ್ಲ.

ಮರುದಿನ ಬೆಳಿಗ್ಗೆ ಯಜಮಾನರು ಅದೇ ದುಡ್ಡು ತೆಗೆದುಕೊಂಡು ಮಾರ್ಕೆಟ್ಟಿಗೆ ಹೋದರು. ಶೆಡ್ಡಿನಲ್ಲಿ ಒಲೆ ಹತ್ತಿತು.

ಆಮೇಲೆ ನಾವು ಅವಸರ ಮಾಡಲಿಲ್ಲ. ಶೆಡ್ಡಿನ ಒಂದು ವರ್ಷದ ಬಿಲ್ಲುಗಳನ್ನು ಹುಡುಕಿ ಇಟ್ಟೆವು. ಮೂರು ಕಡೆ ರೇಟು ಬರೆಸಿಕೊಂಡು, ಕಿಲೋವ್ಯಾಟಿಗೆ ಎಷ್ಟು ಬೀಳುತ್ತದೆ ಎಂದು ನೋಡಿದೆವು. ಎಷ್ಟು ವರ್ಷ ಗ್ಯಾರಂಟಿ, ಕೆಟ್ಟರೆ ಯಾರು ಬರುತ್ತಾರೆ ಎಂದು ಕೇಳಿದೆವು. ತೆಂಗಿನ ಮರದ ನೆರಳು ಮಾಳಿಗೆಯ ಮೇಲೆ ಎಲ್ಲಿಯವರೆಗೆ ಬರುತ್ತದೆ ಎಂದು ಆಪಾ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು. ವಾಸದ ಮನೆಗೆ ಸೋಲಾರ್ ಹಾಕಿಸಿದರೆ ಸಿಗುವ ಸರ್ಕಾರದ ಸಹಾಯಧನ ಶೆಡ್ಡಿಗೂ ಸಿಗುತ್ತದೆಯೇ ಎಂದು ವಿದ್ಯುತ್ ಕಚೇರಿಯಲ್ಲೇ ವಿಚಾರಿಸಿದೆವು. ಇಲ್ಲ ಎಂದರು. ಸರಿ, ಅದನ್ನು ಬಿಟ್ಟೇ ಲೆಕ್ಕ ಹಾಕಿದೆವು. ಸಂಘದ ಸಾಲ ಸಿಕ್ಕಿತು, ಗೂಡಿನ ದುಡ್ಡು ಮುಟ್ಟಲಿಲ್ಲ.

ನಮ್ಮ ಬಿಲ್ಲಿಗೆ ಸಾಧಾರಣ ಪ್ಯಾನೆಲ್ ಐದು ಸಾಕು ಎಂದು ಲೆಕ್ಕ ಬಂತು. ಐದೇ ಹಾಕಿಸಿದೆವು.

ಈಗಲೂ ಬಟ್ಟೆ ಒಣಹಾಕಲು ಹೋದಾಗ ಎಣಿಸುತ್ತೇನೆ. ಆಚೆ ಆರು, ಈಚೆ ಐದು. ಒಸಿ ಚುರ್ ಎನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಆಪಾ ಮಾಳಿಗೆಗೆ ಬಂದರೆ ನಾನು ಕೆಳಗೆ ಇಳಿಯುವುದಿಲ್ಲ. ಈ ತಿಂಗಳ ಬಿಲ್ಲು ಎಷ್ಟು ಬಂತು ಎಂದು ಗೋಡೆಯ ಮೇಲಿಂದಲೇ ಇಬ್ಬರೂ ಕೇಳಿಕೊಳ್ಳುತ್ತೇವೆ.

ಅಕ್ಕತಂಗಿಯರೇ, ನಿಮ್ಮ ಪಕ್ಕದ ಮನೆಯ ಮೇಲೂ ಒಂದು ದಿನ ಪ್ಯಾನೆಲ್ ಮಿನುಗಬಹುದು. ಹೊಟ್ಟೆ ಉರಿದರೆ ಉರಿಯಲಿ, ಆ ಉರಿಯಲ್ಲಿ ಸಹಿ ಮಾತ್ರ ಹಾಕಬೇಡಿ. ನಿಮ್ಮ ಬಿಲ್ಲು ನೋಡಿ, ನಿಮ್ಮ ಮಾಳಿಗೆ ನೋಡಿ, ಒಂದು ಕಿಲೋವ್ಯಾಟಿಗೆ ಎಷ್ಟು ಎಂದು ಕೇಳಿ. ಲಾಭ ಕೊಡುತ್ತೇನೆಂದು ದುಡ್ಡು ಕೇಳುವವನಿಗೆ ನೋಂದಣಿ ನೋಡುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ಎಲ್ಲಕ್ಕಿಂತ ಮೊದಲು ಆ ಪಕ್ಕದ ಮನೆಯವರ ಬಾಗಿಲು ತಟ್ಟಿ ಕೇಳಿ. ನನಗೆ ಅಷ್ಟು ಮಾಡಲು ಒಂದು ವರ್ಷ ಬೇಕಾಯಿತು, ನೀವು ಇವತ್ತೇ ಹೋಗಿ.