ಹಸಿವಿಲ್ಲದವಳಿಗೆ ಹಸಿವಿನ ಸೂಜಿ

ಬೀಗರು ತಂದ ಕೋಟಿನಲ್ಲಿ ಜೂರಾಳ ಮೈ ಹಿಡಿಸಲಿಲ್ಲ. ಎಲ್ಲ ಅಲ್ಲಿಂದಲೇ ಶುರುವಾಯಿತು.

ಮಗಳು ಬೆರ್ಮೆತ್‌ಗೆ ಗಂಡಿನ ಕಡೆಯವರು ಓಲೆ ತೊಡಿಸಿದ ದಿನ ಅದು. ಓಲೆ ತೊಡಿಸಿದ ಮೇಲೆ ಹೆಣ್ಣಿನ ತಾಯಿಗೆ ಕೋಟು ತೊಡಿಸಬೇಕು, ಅದೂ ಹತ್ತು ಜನರ ಎದುರಿಗೇ. ಬೀಗಿತ್ತಿ ಹಿಂದಿನಿಂದ ಬಂದು ಹೆಗಲಿಗೆ ಹೊದಿಸಿದಳು, ತೋಳು ತೂರಿಸಿದಳು, ಗುಂಡಿ ಹಾಕಲು ಎಳೆದಳು. ಎದೆಯ ಮೇಲೆ ಒಂದು ಗೇಣು ತೆರೆದೇ ಉಳಿಯಿತು.

"ಅಯ್ಯೋ, ಅಂಗಡೀಲಿ ಇದಕ್ಕಿಂತ ದೊಡ್ಡದು ಇರ್ಲಿಲ್ಲ ಬೀಗಿತ್ತಿ."

"ಕೋಟು ಚಿಕ್ಕದಲ್ಲ ಬಿಡಿ, ಆ ಮನೆ ಅಡುಗೆಕೋಣೆ ದೊಡ್ಡದು," ಎಂದು ಮೂಲೆಯಿಂದ ಯಾರೋ ಅಂದರು.

ಎಲ್ಲರೂ ನಕ್ಕರು. ಜೂರಾಳೂ ನಕ್ಕಳು. ನಗದೆ ಏನು ಮಾಡಿಯಾಳು?

ಅವಳು ಎರಡು ವರ್ಷದಲ್ಲಿ ಹದಿನೆಂಟು ಕಿಲೋ ಏರಿದ್ದಳು. ತಿನ್ನುತ್ತಿದ್ದುದೆಷ್ಟು? ಬೆಳಿಗ್ಗೆ ಚಹಾ, ಅರ್ಧ ರೊಟ್ಟಿ. ಮಧ್ಯಾಹ್ನ ಒಂದು ಬಟ್ಟಲು ಸಾರು. ಸಂಜೆ ಮತ್ತೆ ಚಹಾ. ಮುಂದೆ ತಂದಿಟ್ಟರೆ ತಿಂದಾಳು, ಇಡದಿದ್ದರೆ ಊಟದ ನೆನಪೇ ಬಾರದು. ಆದರೆ ಊರು ನಂಬಬೇಕಲ್ಲ! 'ಕದ್ದು ತಿಂತಾಳೆ' ಎಂದಿತು ಊರು. ಗಂಡ ಎಸೆನ್ ಕೂಡ ಒಂದು ದಿನ ಸಕ್ಕರೆ ಡಬ್ಬಿ ಅಲ್ಲಾಡಿಸಿ ನೋಡಿ, "ಇದು ಇಷ್ಟು ಬೇಗ ಹೇಗೆ ಮುಗೀತು?" ಎಂದು ಕೇಳಿದ್ದ. ಆ ಮಾತು ಊರಿನ ಮಾತಿಗಿಂತ ಆಳಕ್ಕೆ ಇಳಿಯಿತು. ಕೇಳಿ ಕೇಳಿ ಅವಳಿಗೇ ಅನುಮಾನ ಬಂದಿತ್ತು, ನಿದ್ದೆಗಣ್ಣಲ್ಲಿ ಎದ್ದು ತಿನ್ನುತ್ತೇನೋ ಏನೋ ಎಂದು.

ಇನ್ನು ಮದುವೆ. ಮಗಳು ತವರಿನ ಹೊಸ್ತಿಲು ದಾಟುವಾಗ ತಾಯಿ ಬಾಗಿಲಲ್ಲಿ ನಿಂತು ಬೀಳ್ಕೊಡುವ ಅಳುಹಾಡು ಹಾಡಬೇಕು. ಆ ಹೊತ್ತಿಗೆ ಎಲ್ಲರ ಕಣ್ಣೂ ತಾಯಿಯ ಮೇಲೆ. ಕೋಟು ನೋಡಿ ನಕ್ಕ ಅದೇ ಕಣ್ಣುಗಳು. ಅಲ್ಲಿ ತಲೆಯೆತ್ತಿ ನಿಲ್ಲಬೇಕು, ಅಷ್ಟೇ ಜೂರಾಳ ಆಸೆ.

ಸೆಪ್ಟೆಂಬರಿನಲ್ಲಿ ಹೊಸ ಬೀನ್ಸ್ ಕಾಳು ಅಂಗಳಕ್ಕೆ ಬಂತು. ತಲಾಸ್ ಕಣಿವೆಯಲ್ಲಿ ಆಗ ಯಾವ ಮನೆಯಲ್ಲೂ ಹೆಂಗಸರ ಕೈಗೆ ಬಿಡುವಿಲ್ಲ. ಬಿಳಿಯದು ಒಂದು ಗುಡ್ಡೆ, ಚುಕ್ಕೆಯದು ಒಂದು ಗುಡ್ಡೆ ಎಂದು ಆರಿಸುತ್ತ ಕೂತಿದ್ದರು. ಊರ ಆರೋಗ್ಯ ಕೇಂದ್ರದ ಕಲಿಪಾ ಬಂದು ಅವರ ನಡುವೆ ಕೂತಳು. ಇಪ್ಪತ್ತೆಂಟು ವರ್ಷದಿಂದ ಆ ಊರಿನ ಕೈಗಳಿಗೆ ಸೂಜಿ ಚುಚ್ಚಿದವಳು, ಹುಟ್ಟಿದ ಕೂಸುಗಳನ್ನು ತೂಗಿದವಳು.

"ಈ ಬಿಸಿಲಲ್ಲಿ ಉಣ್ಣೆ ಅಂಗಿ ಯಾಕೆ ಹಾಕ್ಕೊಂಡಿದ್ದೀಯ ಜೂರಾ?"

"ಚಳಿ ಕಣಕ್ಕಾ."

"ಕೂದ್ಲು ಉದುರುತ್ತಾ?"

"ಹಾಸಿಗೆ ಗುಡಿಸಿದ್ರೆ ಒಂದು ಹಿಡಿ."

"ಮಲಬದ್ಧತೆ?"

ಪಕ್ಕದ ಹೆಂಗಸರು ಕಿಸಕ್ಕೆಂದರು. ಜೂರಾ ತಲೆ ತಗ್ಗಿಸಿ ಹೂಂಗುಟ್ಟಿದಳು.

"ಇದೊಂದು ನಿಜ ಹೇಳು. ಹೊಟ್ಟೆ ತುಂಬಿದ್ರೂ ತಲೇಲಿ ತಿನ್ನೋದೇ ಓಡ್ತಿರುತ್ತಾ? ಇನ್ನೇನಾದ್ರೂ ಬೇಕು, ಮತ್ತಿನ್ನೇನಾದ್ರೂ ಬೇಕು ಅಂತ?"

"ಇಲ್ಲಕ್ಕಾ. ಆಣೆ ಮಾಡಿ ಹೇಳ್ತೀನಿ. ಯಾರೂ ನಂಬಲ್ಲ."

"ನಾನು ನಂಬ್ತೀನಿ. ಹಾಗಾದ್ರೆ ಈ ತೂಕ ಎಲ್ಲಿಂದ ಬಂತು ಅಂತ ಮೊದ್ಲು ಹುಡುಕ್ಬೇಕು. ಸೋಮವಾರ ಬರೀಹೊಟ್ಟೇಲಿ ಬಾ, ರಕ್ತ ತೆಗೀತೀನಿ. ಗಂಟಲ ಹತ್ರ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದು ಮಂಕಾದ್ರೆ ಗಾಳಿ ಕುಡಿದ್ರೂ ಮೈ ಬರೋ ಹಾಗಾಗುತ್ತೆ."

ಎದುರಿಗೆ ಕೂತಿದ್ದ ಅನಾರಾ ಕಾಳು ಬಿಟ್ಟು ಸೊಂಟಕ್ಕೆ ಕೈಯಿಟ್ಟಳು. ಜೂರಾಳ ಓರಗಿತ್ತಿ ಅವಳು, ಎಸೆನ್‌ನ ಅಣ್ಣನ ಹೆಂಡತಿ. ಹೋದ ವರ್ಷ ಬಾಗಿಲಲ್ಲಿ ಓರೆಯಾಗಿ ನುಗ್ಗುತ್ತಿದ್ದವಳು ಈಗ ಬಳ್ಳಿಯ ಹಾಗಿದ್ದಳು.

"ರಕ್ತ ತೆಗೆದ್ರೆ ಕೋಟಿನ ಗುಂಡಿ ಕೂರುತ್ತೇನೇ ಕಲಿಪಾ? ನನ್ನ ನೋಡು. ವಾರಕ್ಕೊಂದು ಸೂಜಿ. ಮೊದ್ಲು ನನ್ನ ತಲೇಲಿ ಊಟದ್ದೇ ರೇಡಿಯೋ. ಕಡಾಯಿ ಇಳಿಸೋಕ್ಮುಂಚೆ ಮುಂದಿನ ಅಡುಗೆ ಯೋಚನೆ. ಸೂಜಿ ಹಾಕಿದ್ರು, ರೇಡಿಯೋ ನಿಲ್ತು."

"ನಿಂಗೆ ಸಕ್ಕರೆ ಕಾಯಿಲೆ ಇತ್ತು. ಪಟ್ಟಣದ ಡಾಕ್ಟರು ನೋಡಿ ಕೊಟ್ರು. ಚಿಟಿಕೆಯಿಂದ ಶುರು ಮಾಡಿ ತಿಂಗಳುಗಟ್ಟಲೆ ಏರಿಸಿದ್ರು. ಜೂರಾಳ ಕಥೆ ಬೇರೆ."

"ನನ್ನ ತಲೇಲಿ ಅಂಥ ರೇಡಿಯೋ ಇಲ್ಲವಲ್ಲಕ್ಕಾ," ಎಂದಳು ಜೂರಾ.

"ಇದ್ದೇ ಇರುತ್ತೆ ಕಣೇ. ನಿಂಗೆ ಕಿವಿ ಮಂದ."

ಕಾಳಿನ ಗುಡ್ಡೆಯ ಸುತ್ತ ನಗೆ ಎದ್ದಿತು. ಕಲಿಪಾ ನಗಲಿಲ್ಲ. "ಸೋಮವಾರ," ಎಂದಷ್ಟೇ ಹೇಳಿ ಎದ್ದು ಹೋದಳು.

ಸೋಮವಾರ ಬರುವ ಮೊದಲೇ ಶುಕ್ರವಾರ ಬಂತು. ಮದುವೆಗೆ ಇನ್ನು ಒಂಬತ್ತು ದಿನ. ಅನಾರಾ ಯಾವುದೋ ಔತಣದಿಂದ ನೇರವಾಗಿ ಜೂರಾಳ ಮನೆಗೆ ಬಂದಳು. ಕೈಯಲ್ಲಿ ಗಂಟು. ಔತಣಕ್ಕೆ ಹೋದವರು ತಮ್ಮ ಪಾಲಿನಲ್ಲಿ ಒಂದಿಷ್ಟು ಕಟ್ಟಿಕೊಂಡು ಬಂದು ಮನೆಯವರಿಗೆ ಹಂಚುತ್ತಾರೆ. ಅದಕ್ಕೆ ಕೆಶಿಕ್ ಎನ್ನುತ್ತಾರೆ. ಅದರಲ್ಲಿ ಹಿರಿಯರ ಹಾರೈಕೆ ಇದೆ ಎಂಬ ನಂಬಿಕೆ. ಕೆಶಿಕ್ ಬೇಡ ಎಂದವರನ್ನು ಆ ಕಣಿವೆ ಕಂಡಿಲ್ಲ. ಗಂಟು ಬಿಚ್ಚಿದರೆ ಮಾಂಸದ ಎರಡು ತುಂಡು, ಕರಿದ ಹಿಟ್ಟಿನ ಬಿಲ್ಲೆಗಳು, ಅದರ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ, ಔಷಧ ತುಂಬಿದ ಅನಾರಾಳ ಸೂಜಿಪೆನ್ನು.

"ಇದ್ರಲ್ಲಿ ಇನ್ನೂ ಎರಡು ವಾರದ್ದು ಉಳಿದಿದೆ. ನಂಗೆ ಹೊಸದು ಬಂತು. ನನ್ನ ಕೆಶಿಕ್ ಅಂತ ಇಟ್ಕೊ."

"ಅಕ್ಕಾ, ಕಲಿಪಾ ಹೇಳಿದ್ಲು..."

"ಕಲಿಪಾ ನಿನ್ನ ಮಗಳ ಮದುವೆಗೆ ಕೋಟು ಹೊಲಿಸ್ತಾಳಾ? ನಾನು ಯಾರಿಗೂ ಕೊಡ್ದೆ ನಿಂಗೆ ತಂದಿದ್ದೀನಿ. ಸೂಜಿಮೊನೆ ಹೊಸದು ಹಾಕಿದ್ದೀನಿ, ಹೆದರ್ಬೇಡ. ಅಂಗಿ ಎತ್ತು."

ಬೇಡ ಎನ್ನುವ ಮಾತು ಜೂರಾಳ ನಾಲಿಗೆಯ ತುದಿಗೆ ಬಂದು ಹಾಗೆಯೇ ಹಿಂದಕ್ಕೆ ಹೋಯಿತು. ಅನಾರಾ ತನ್ನ ಅಳತೆಗೇ ಪೆನ್ನು ತಿರುಗಿಸಿದಳು. ಎಂಟು ತಿಂಗಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮುಟ್ಟಿದ ಅಳತೆಯನ್ನು ಜೂರಾಳ ಹೊಟ್ಟೆಗೆ ಒಂದೇ ಏಟಿಗೆ ಇಳಿಸಿದಳು.

ಭಾನುವಾರದಿಂದ ವಾಂತಿ. ನೀರು ಕುಡಿದರೂ ವಾಂತಿ. ಸೋಮವಾರ ಕಲಿಪಾಳ ಹತ್ತಿರ ಹೋಗಲು ಕಾಲಲ್ಲಿ ಬಲವಿರಲಿಲ್ಲ. ಹೋದರೆ ಹೇಳಬೇಕು, ಹೇಳಿದರೆ ಬೈಸಿಕೊಳ್ಳಬೇಕು. ಬುಧವಾರ ತಕ್ಕಡಿ ಹತ್ತಿದಳು. ಮೂರೂವರೆ ಕಿಲೋ ಇಳಿದಿತ್ತು.

"ನೋಡಿದ್ಯಾ?" ಎಂದಳು ಅನಾರಾ.

ಮೈಯ ನೀರು ಆರಿದ್ದನ್ನು ತಕ್ಕಡಿ ಕೊಬ್ಬು ಕರಗಿದ್ದೆಂದು ತೋರಿಸಿತು. ತಕ್ಕಡಿಗೆ ಅದಕ್ಕಿಂತ ಹೆಚ್ಚಿನ ಬುದ್ಧಿ ಎಲ್ಲಿಯದು? ಶುಕ್ರವಾರ ಎರಡನೆಯ ಸೂಜಿಯೂ ಬಿತ್ತು.

ಶನಿವಾರ ಬೀಗರ ಔತಣ. ಕುರಿಯ ಬಾಲದ ಕೊಬ್ಬು ಮತ್ತು ಯಕೃತ್ತಿನ ತುಂಡುಗಳ ತಟ್ಟೆ ಬಂತು. ಬೀಗರು ಬೀಗರ ಬಾಯಿಗೆ ತಮ್ಮ ಕೈಯಾರೆ ಇಡುವ ತುತ್ತು ಅದು. ಅದನ್ನು ನುಂಗಿದರೆ ನೆಂಟಸ್ತಿಕೆ ಕೂಡಿತು, ಉಗುಳಿದರೆ ಮುರಿಯಿತು. ವಾರದಿಂದ ಗುಟುಕು ನೀರೂ ನಿಲ್ಲದ ಹೊಟ್ಟೆಗೆ ಜೂರಾ ಆ ಕೊಬ್ಬನ್ನು ನುಂಗಿದಳು. ಬೀಗಿತ್ತಿ ನಗುತ್ತ ಇನ್ನೊಂದು ತುತ್ತು ಇಟ್ಟಳು. ಅದನ್ನೂ ನುಂಗಿದಳು.

"ಎಷ್ಟು ಚೆನ್ನಾಗಿ ತಿಂತಾರೆ ನೋಡಿ ನಮ್ಮ ಬೀಗಿತ್ತಿ!" ಎಂದರು ಆ ಕಡೆಯವರು.

ಭಾನುವಾರ ಬೆಳಿಗ್ಗೆ ಮಗಳ ಜಡೆಗೆ ರಿಬ್ಬನ್ ಕಟ್ಟುತ್ತಿದ್ದ ಜೂರಾ ಹಾಗೇ ನೆಲಕ್ಕೆ ಕುಸಿದಳು. ಮೂತ್ರ ಹೋಗದೆ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಎಸೆನ್ ಅವಳನ್ನು ಕಾರಿಗೆ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಿದ. ಬೆರ್ಮೆತ್ ನಾನೂ ಬರುತ್ತೇನೆಂದು ಚಪ್ಪಲಿಗೆ ಕಾಲು ಹಾಕಿದ್ದಳು. ಹಿರಿಯರು ತಡೆದರು. "ಗಂಡಿನ ಕಡೆಯ ಕಾರುಗಳು ನಿಂತಿವೆ. ಬಂದ ದಿಬ್ಬಣ ಹೆಣ್ಣಿಲ್ಲದೆ ತಿರುಗಿದ್ರೆ ಒಳ್ಳೇದಲ್ಲ."

ಮಗಳು ಹೊಸ್ತಿಲು ದಾಟಿದಾಗ ತಾಯಿಯ ಕೈಗೆ ಗ್ಲೂಕೋಸ್ ಹನಿ ಇಳಿಯುತ್ತಿತ್ತು. ಅವಳ ಜಾಗದಲ್ಲಿ ಬಾಗಿಲಿಗೆ ನಿಂತು ಅನಾರಾ ಹಾಡಿದಳಂತೆ. ಚೆನ್ನಾಗಿಯೇ ಹಾಡಿದಳಂತೆ.

ಮೂರನೆಯ ದಿನ ಜೂರಾ ಕಣ್ಣು ಬಿಟ್ಟು ಮಾತಾಡುವಷ್ಟಾದಳು. ಎಸೆನ್, ಅನಾರಾ, ಕಲಿಪಾ ಮೂವರೂ ಮಂಚದ ಬಳಿ ಇದ್ದರು. ಡಾಕ್ಟರಮ್ಮ ರಕ್ತದ ಫಲಿತಾಂಶದ ಕಾಗದ ಹಿಡಿದು ಬಂದರು.

"ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು, ಸುಧಾರಿಸ್ತಿದೆ. ಇನ್ನೊಂದು ವಿಷಯ. ಇವರ ಥೈರಾಯ್ಡ್ ಪೂರ್ತಿ ಮಂಕಾಗಿದೆ. ಯಾರೂ ನೋಡಿರ್ಲಿಲ್ವಾ? ಈ ಚಳಿ, ಈ ಸುಸ್ತು, ಊದಿದ ಮುಖ, ಏರಿದ ತೂಕ, ಎಲ್ಲಕ್ಕೂ ಇದರ ನಂಟಿದೆ."

ಎಸೆನ್ ಕಿಟಕಿಯ ಕಡೆ ತಿರುಗಿದ.

"ಹಾಗಾದ್ರೆ ಸೂಜಿ ಕೆಟ್ಟದ್ದಾ ಡಾಕ್ಟ್ರೇ? ನಂಗೆ ಒಳ್ಳೇದೇ ಆಯ್ತಲ್ಲ," ಎಂದಳು ಅನಾರಾ.

"ನಿಮಗೆ ಸರಿಯಾದ ಔಷಧ ಅದು, ಬಿಡಬೇಡಿ. ಅದು ಹಸಿವು ತಗ್ಗಿಸುತ್ತೆ, ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡುತ್ತೆ. ತಿನ್ನೋ ಚಪಲ ಇಲ್ಲದೋರಿಗೆ ಕೊಡೋದೇ ಇಲ್ಲ ಅಂತಲೂ ಅಲ್ಲ. ಅವರ ತೂಕ, ಸಕ್ಕರೆ, ಹೃದಯ ನೋಡಿ ಕೆಲವರಿಗೆ ಕೊಡ್ತೀವಿ, ಗುಣಾನೂ ಆಗುತ್ತೆ. ಆದ್ರೆ ಹಸಿವೇ ಕಮ್ಮಿ ಇರೋರು ದಪ್ಪ ಆಗ್ತಿದ್ರೆ ಯಾಕೆ ಅಂತ ಮೊದ್ಲು ಕೇಳ್ಬೇಕು. ಥೈರಾಯ್ಡಾ, ನುಂಗೋ ಬೇರೆ ಮಾತ್ರೆನಾ, ನಿದ್ದೆ ಕೆಟ್ಟಿದೆಯಾ, ಮುಟ್ಟು ನಿಲ್ಲೋ ಕಾಲವಾ? ಇವರಿಗೆ ಯಾರು ಬರೆದುಕೊಟ್ರು?"

ಕಲಿಪಾ ಅನಾರಾಳ ಮುಖ ನೋಡಿದಳು.

"ನನ್ನ ಪೆನ್ನಿಂದ ನಾನೇ ಹಾಕ್ದೆ. ಮೊನೆ ಹೊಸದೇ ಇತ್ತು," ಎಂದಳು ಅನಾರಾ, ದನಿ ಸಣ್ಣದಾಗಿತ್ತು.

"ಮೊನೆ ಹೊಸದಾದ್ರೆ ಆಯ್ತಾ? ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಪೆನ್ನಿನೊಳಕ್ಕೆ ಹೋಗ್ಬಹುದು. ಒಬ್ಬರ ಪೆನ್ನು ಇನ್ನೊಬ್ಬರು ಮುಟ್ಟಬಾರ್ದು. ಈಗ ಇಬ್ರಿಗೂ ಕಾಮಾಲೆ ರೋಗದ್ದು, ಬೇರೆ ಸೋಂಕಿಂದು ಪರೀಕ್ಷೆ ಆಗ್ಬೇಕು. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ."

ಡಾಕ್ಟರಮ್ಮ ಹೋದ ಮೇಲೆ ಅನಾರಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. "ನಾನು ಪ್ರೀತಿಯಿಂದ ಕೊಟ್ಟೆ ಜೂರಾ."

"ಪ್ರೀತಿಯಿಂದ ಕೊಟ್ಟೆ ಅಂತಾನೇ ಬೇಡ ಅನ್ನೋಕ್ಕಾಗ್ಲಿಲ್ಲ ಅಕ್ಕಾ."

"ಬೈದ್ಬಿಡೇ ನನ್ನ."

"ಬೈದ್ರೆ ಭಾನುವಾರ ವಾಪಸ್ ಬರುತ್ತಾ?"

ಸಂಜೆ ಗಂಡನ ಮನೆಯಿಂದ ಬೆರ್ಮೆತ್ ಫೋನ್ ಮಾಡಿದಳು. ಹೊಸ ಸೊಸೆಯನ್ನು ಕೂರಿಸುವ ಪರದೆಯ ಹಿಂದಿನಿಂದ ಪಿಸುಗುಡುತ್ತಿದ್ದಳು. "ಅಮ್ಮಾ, ದೊಡ್ಡಮ್ಮ ಹಾಡುವಾಗ ನಂಗೆ ಅಳೂನೂ ಬರ್ಲಿಲ್ಲ. ನೀನು ಈಗ ಹಾಡಮ್ಮಾ. ಫೋನಲ್ಲೇ ಕೇಳ್ತೀನಿ."

"ಅದು ಹೊಸ್ತಿಲ ಹಾಡು ಮಗಳೇ. ದಾಟಿ ಹೋದವರ ಹಿಂದೆ ಹಾಡೋದು ಸತ್ತಾಗ ಮಾತ್ರ."



ಈಗ ಜೂರಾ ದಿನಾ ಬೆಳಿಗ್ಗೆ ಬರೀಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ. ಮಾತ್ರೆಗೂ ಚಹಾಕ್ಕೂ ನಡುವೆ ಹೊತ್ತು ಬಿಡಬೇಕು. ಅಲ್ಲಿಯವರೆಗೆ ಎಸೆನ್ ತಾನೂ ಚಹಾ ಕುಡಿಯದೆ ಕಾಯುತ್ತಾನೆ. ಸಕ್ಕರೆ ಡಬ್ಬಿಯ ಮಾತು ಅವನು ಮತ್ತೆ ಎತ್ತಿಲ್ಲ, ತಪ್ಪಾಯಿತು ಎಂದೂ ಅಂದಿಲ್ಲ. ಊರಲ್ಲೂ ಯಾರೂ ಅನ್ನಲಿಲ್ಲ. ಚಳಿ ಬಿಟ್ಟಿತು, ಮುಖದ ಊತ ಇಳಿಯಿತು. ತೂಕ ಕೊಂಚ ಇಳಿದಿದೆ, ಪೂರ್ತಿ ಇಳಿದಿಲ್ಲ. ಉಳಿದದ್ದಕ್ಕೆ ಏನು ಮಾಡುವುದು, ಸೂಜಿಯೇ ಬೇಕಾದೀತೋ ಬೇಡವೋ ಎಂಬುದನ್ನು ವಸಂತದಲ್ಲಿ ಇನ್ನೊಮ್ಮೆ ರಕ್ತ ನೋಡಿ ಡಾಕ್ಟರಮ್ಮನೂ ಅವಳೂ ಕೂತು ತೀರ್ಮಾನಿಸುತ್ತಾರೆ. ಓರಗಿತ್ತಿಯರಿಬ್ಬರ ಮೊದಲ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಎರಡನೆಯದಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ದಾರಿಯಲ್ಲಿ ಮಾತು ಕಡಿಮೆ.

ಇದನ್ನು ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಸೂಜಿ ಶತ್ರುವಲ್ಲ. ತಲೆಯಲ್ಲಿ ಊಟದ ಗದ್ದಲ ನಿಲ್ಲದೆ ನರಳುವವರಿಗೆ ಅದು ಆಸರೆಯಾದೀತು. ಆದರೆ ನಿಮಗೆ ಆ ಗದ್ದಲವೇ ಇಲ್ಲ, ಆದರೂ ಮೈ ಏರುತ್ತಿದೆ ಎಂದರೆ, ಪಕ್ಕದ ಮನೆಯವಳ ಮೈ ನೋಡಿ ನಿಮ್ಮ ಮೈಗೆ ಔಷಧ ಗೊತ್ತುಮಾಡಬೇಡಿ. ನಾನು ನಿಜಕ್ಕೂ ಎಷ್ಟು ತಿನ್ನುತ್ತೇನೆ, ಹಸಿದು ತಿನ್ನುತ್ತೇನೋ ದಾಕ್ಷಿಣ್ಯಕ್ಕೆ ತಿನ್ನುತ್ತೇನೋ, ಮೈಯಲ್ಲಿ ಇನ್ನೇನು ಬದಲಾಗಿದೆ, ಇಷ್ಟನ್ನು ಡಾಕ್ಟರ ಮುಂದೆ ನಾಚದೆ ಹೇಳಿ. ರಕ್ತ ನೋಡಿಸಿ. ಸೂಜಿ ಬೇಕೆಂದು ಅವರು ಹೇಳಿದರೆ ನಿಮ್ಮ ಹೆಸರಿನದೇ ಪೆನ್ನು, ಕಡಿಮೆ ಅಳತೆಯಿಂದ ಶುರು. ಹಾಕಿಕೊಂಡ ಮೇಲೆ ನೀರೂ ನಿಲ್ಲದಷ್ಟು ವಾಂತಿಯಾದರೆ, ಹೊಟ್ಟೆ ತಡೆಯಲಾರದಷ್ಟು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾವ ಶುಭಕಾರ್ಯವಿದ್ದರೂ ಸರಿಯೇ.

ರೊಟ್ಟಿ ಹಂಚಿಕೊಳ್ಳಿ, ಮಾಂಸ ಹಂಚಿಕೊಳ್ಳಿ. ಔಷಧ ಹಂಚಿಕೊಳ್ಳಬೇಡಿ. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ ಬೇಡ ಎನ್ನಿ. ಅವರು ನೊಂದುಕೊಂಡಾರು, ಎಂಟು ದಿನ ಮಾತು ಬಿಟ್ಟಾರು. ಬಿಡಲಿ. ನಿಮ್ಮ ಬಾಗಿಲಲ್ಲಿ ನಿಂತು ನಿಮ್ಮ ಮಗಳನ್ನು ಬೇರೆಯವರು ಕಳಿಸಿಕೊಡುವುದಕ್ಕಿಂತ ಅದು ಲೇಸು.